ವಿದ್ಯಾರ್ಥಿಗಳ ಸಿಮ್ಯುಲೇಶನ್ ಪ್ರಾಜೆಕ್ಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಬಿಇ, ಎಂಸಿಎ, ಎಂಟೆಕ್ ಓದುವ ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಳು ಟಾಪಿಕ್ ಹುಡುಕುವಾಗ, ರಿವ್ಯೂ ಹತ್ತಿರ ಬಂದಾಗ, ವೈವಾ ಹಿಂದಿನ ದಿನ ನನ್ನನ್ನು ಕೇಳುವ ಪ್ರಶ್ನೆಗಳಿವು. ಕೆಲವು ಕಾಗದ-ಮೇಲ್‌ಗಳಲ್ಲಿ ಬಂದವು. ಕೇಳಿದವರ ಮಾತನ್ನು ಆದಷ್ಟೂ ಹಾಗೆಯೇ ಇಟ್ಟಿದ್ದೇನೆ. ಉದಾಹರಣೆಗಳಲ್ಲಿ ಟ್ರಾಫಿಕ್ ಜಾಸ್ತಿ ಕಾಣುತ್ತದೆ. ಸಿಮ್ಯುಲೇಶನ್ ಅಂದ ಕೂಡಲೇ ನಮ್ಮ ಕಡೆಯ ಹುಡುಗರು, ಹುಡುಗಿಯರು ಮೊದಲು ಹಿಡಿಯುವುದು ಅದನ್ನೇ.

## ಶುರು ಮಾಡುವ ಮುನ್ನ

ಸರ್, ಸ್ಕ್ರೀನ್ ಮೇಲೆ ಗಾಡಿಗಳು ಓಡಾಡ್ತಿವೆ. ಸಿಮ್ಯುಲೇಶನ್ ಮುಗೀತಲ್ವಾ?

ಇಲ್ಲ, ಅದು ಅನಿಮೇಶನ್. ಒಂದು ವ್ಯವಸ್ಥೆ ಹೇಗೆ ನಡೆಯುತ್ತದೆ ಅನ್ನುವ ನಿಮ್ಮ ತಿಳಿವಳಿಕೆಯನ್ನು ನಿಯಮಗಳಾಗಿ ಬರೆದು, ಅವನ್ನು ಕಂಪ್ಯೂಟರಿನಲ್ಲಿ ನಡೆಸಿ, ಬಂದ ಅಂಕಿಗಳಿಂದ ಒಂದು ಪ್ರಶ್ನೆಗೆ ಉತ್ತರ ಹುಡುಕಿದರೆ ಅದು ಸಿಮ್ಯುಲೇಶನ್. ಅದಕ್ಕೆ ಚಿತ್ರ ಬೇಕೇ ಬೇಕು ಅಂತಿಲ್ಲ. ಹತ್ತಾರು ಸಲ ಓಡಿಸಬೇಕಾದಾಗ ಚಿತ್ರವನ್ನು ಆಫ್ ಮಾಡಿಯೇ ಓಡಿಸುವುದು, ಬೇಗ ಮುಗಿಯುತ್ತದೆ.

ಹಾಗಂತ ಚಿತ್ರ ದಂಡ ಅಲ್ಲ. ಗಾಡಿ ರಸ್ತೆಯ ಬಲಗಡೆ ಓಡುತ್ತಿದೆ, ಬಸ್ಸು ಯೂ-ಟರ್ನ್ ಜಾಗದಲ್ಲಿ ಸಿಕ್ಕಿಕೊಂಡಿದೆ ಎಂಬಂಥ ತಪ್ಪುಗಳು ಅಂಕಿಗಳ ಪಟ್ಟಿಯಲ್ಲಿ ಕಾಣುವುದಿಲ್ಲ, ಚಿತ್ರದಲ್ಲಿ ತಕ್ಷಣ ಕಾಣುತ್ತವೆ. ಮೊದಲ ವಾರ ಚಿತ್ರ ನೋಡಿ, ಆಮೇಲೆ ಅಂಕಿ ನೋಡಿ.

ಇದು ರಿಸರ್ಚಾ, ಬರೀ ಸಾಫ್ಟ್‌ವೇರ್ ಡೆವಲಪ್‌ಮೆಂಟಾ? ಎರಡರಲ್ಲಿ ಯಾವುದು ಅಂತ ಬರೀಬೇಕು?

ಎರಡೂ. ಇವೆರಡರ ನಂಟು ಹಳೆಯದು. ಓಸ್ಲೋದ ನಾರ್ವೇಜಿಯನ್ ಕಂಪ್ಯೂಟಿಂಗ್ ಸೆಂಟರ್‌ನಲ್ಲಿ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನ್ಯುಗಾರ್ಡ್ 1960ರ ದಶಕದಲ್ಲಿ ಸಿಮುಲಾ ಎಂಬ ಭಾಷೆ ಕಟ್ಟಿದ್ದೇ ಸಿಮ್ಯುಲೇಶನ್‌ಗಾಗಿ. ನೀವು ಜಾವಾ ಪೇಪರ್‌ನಲ್ಲಿ ಬರೆಯುವ ಕ್ಲಾಸ್, ಆಬ್ಜೆಕ್ಟ್, ಇನ್‌ಹೆರಿಟೆನ್ಸ್ ಎಲ್ಲವೂ ಸಿಮುಲಾ 67ರಲ್ಲಿ ರೂಪ ತಳೆದವು. ಮುಂದೆ ಸಿ++ ಕ್ಲಾಸ್‌ಗಳನ್ನು ತಂದುಕೊಂಡದ್ದೂ ಅಲ್ಲಿಂದಲೇ. ಇಬ್ಬರಿಗೂ 2001ನೇ ಸಾಲಿನ ಟ್ಯೂರಿಂಗ್ ಪ್ರಶಸ್ತಿ ಸಂದಿತು.

ನಿಮ್ಮ ಪ್ರಾಜೆಕ್ಟಿನಲ್ಲಿ ಎರಡನ್ನೂ ಬಿಡಿಸಿ ನೋಡುವುದು ಸುಲಭ. ಸಾಫ್ಟ್‌ವೇರ್ ನಿಮ್ಮ ಪ್ರಯೋಗಾಲಯದ ತಕ್ಕಡಿ ಇದ್ದಂತೆ, ಅದರಲ್ಲಿ ತೂಗಿ ಕಂಡುಕೊಂಡದ್ದು ಸಂಶೋಧನೆ. ತಕ್ಕಡಿ ಸರಿಯಿದೆ ಎಂದು ತೋರಿಸದೆ ತೂಕ ಹೇಳಿದರೆ ಯಾರೂ ನಂಬಬೇಕಾಗಿಲ್ಲ. ಈ ಪುಟದ ಮುಕ್ಕಾಲು ಭಾಗ ಉತ್ತರಗಳು ಆ ತಕ್ಕಡಿಯ ಬಗ್ಗೆಯೇ ಇವೆ.

ಟಾಪಿಕ್ ಸಿಗ್ತಿಲ್ಲ. ಸೀನಿಯರ್ಸ್ ಮಾಡಿದ್ದನ್ನೇ ಮುಂದುವರಿಸಬಹುದಾ?

ಧಾರಾಳವಾಗಿ. ಹೆಸರು ಬದಲಿಸಿ ಅದನ್ನೇ ಒಪ್ಪಿಸುವುದು ಬೇರೆ, ಅವರ ಕೋಡ್ ತೆಗೆದುಕೊಂಡು ಅವರ ಫಲಿತಾಂಶ ಮತ್ತೆ ಬರುತ್ತದಾ ಎಂದು ನೋಡಿ ಅಲ್ಲಿಂದ ಮುಂದೆ ಹೋಗುವುದು ಬೇರೆ. ಎರಡನೆಯದು ಗಟ್ಟಿ ಕೆಲಸ.

ಹೊಸ ಟಾಪಿಕ್ ಆದರೆ ಅದನ್ನು ಒಂದು ಪ್ರಶ್ನೆಯಾಗಿ, ಪ್ರಶ್ನಾರ್ಥಕ ಚಿಹ್ನೆ ಹಾಕಿ ಬರೆಯಿರಿ. ‘ಸ್ಮಾರ್ಟ್ ಟ್ರಾಫಿಕ್ ಮ್ಯಾನೇಜ್‌ಮೆಂಟ್ ಸಿಸ್ಟಂ’ ಪ್ರಶ್ನೆ ಅಲ್ಲ. ‘ಶಾಲೆ ಬಿಡುವ ಹೊತ್ತಿಗೆ ಈ ಸರ್ಕಲ್‌ನಲ್ಲಿ ಬಲಕ್ಕೆ ತಿರುಗುವವರಿಗೆ ಬೇರೆ ಹಸಿರು ಕೊಟ್ಟರೆ ಸಿಟಿ ಬಸ್ಸುಗಳು ಕಾಯುವ ಹೊತ್ತು ಕಡಿಮೆ ಆಗುತ್ತದಾ?’ ಇದು ಪ್ರಶ್ನೆ. ಉತ್ತರ ಹೌದು ಅಂತಲೂ ಬರಬಹುದು, ಇಲ್ಲ ಅಂತಲೂ ಬರಬಹುದು. ಇಲ್ಲ ಎಂಬ ಉತ್ತರಕ್ಕೆ ಜಾಗವೇ ಇಲ್ಲದ ಟಾಪಿಕ್ ಆರಿಸಬೇಡಿ.

ಮ್ಯಾಥ್ಸ್ ವೀಕ್ ಇದೀನಿ. ಎಷ್ಟು ಬೇಕಾಗುತ್ತೆ?

ಸರಾಸರಿ, ಸ್ಟ್ಯಾಂಡರ್ಡ್ ಡೀವಿಯೇಶನ್, ಒಂದೆರಡು ಪ್ರಾಬಬಿಲಿಟಿ ಡಿಸ್ಟ್ರಿಬ್ಯೂಶನ್, ಕಾನ್ಫಿಡೆನ್ಸ್ ಇಂಟರ್ವಲ್ (ನಿಜವಾದ ಸರಾಸರಿ ಇರಬಹುದಾದ ವ್ಯಾಪ್ತಿ). ಪ್ರಾಜೆಕ್ಟ್ ನಡೆಯುತ್ತಲೇ ಇಷ್ಟನ್ನು ಕಲಿಯಬಹುದು.

8 ಜಿಬಿ ರ‍್ಯಾಮ್ ಲ್ಯಾಪ್‌ಟಾಪ್ ಸಾಕಾ?

ಒಂದು ಸರ್ಕಲ್, ಒಂದು ಕ್ಯೂ, ಐವತ್ತು ನೋಡ್‌ಗಳ ನೆಟ್‌ವರ್ಕ್: ಎಲ್ಲಕ್ಕೂ ಸಾಕು. ಇಡೀ ಬೆಂಗಳೂರಿನ ಟ್ರಾಫಿಕ್ ತರುತ್ತೇನೆ ಎಂದು ಹೊರಟರೆ ಸಾಲದು. ಆದರೆ ಮೊದಲ ಪ್ರಾಜೆಕ್ಟಿಗೆ ಇಡೀ ಬೆಂಗಳೂರು ಬೇಕಾಗಿಯೂ ಇಲ್ಲ.

## ಟೂಲ್ ಆರಿಸುವುದು

ಯಾವ ಟೂಲ್ ಕಲೀಲಿ? ನಮ್ಮ ಲ್ಯಾಬ್‌ನಲ್ಲಿ ಎನ್‌ಎಸ್-2 ಇದೆ, ಅದೇ ಸಾಕಾ?

ನೆಟ್‌ವರ್ಕ್ ಸಿಮ್ಯುಲೇಟರ್ ಆದ ಎನ್‌ಎಸ್-2ರ ಕೊನೆಯ ಬಿಡುಗಡೆ 2011ರದು. ಲ್ಯಾಬ್ ಪರೀಕ್ಷೆಗೆ ಓಕೆ, ಹೊಸ ಸಂಶೋಧನೆಗೆ ಬೇಡ. ನೆಟ್‌ವರ್ಕ್ ವಿಷಯವಾದರೆ ಎನ್‌ಎಸ್-3 ಅಥವಾ ಓಮ್‌ನೆಟ್++ ಹಿಡಿಯಿರಿ. ಟ್ರಾಫಿಕ್‌ಗೆ ಸುಮೊ, ಇದು ಜರ್ಮನಿಯ ಏರೋಸ್ಪೇಸ್ ಕೇಂದ್ರ ಡಿಎಲ್‌ಆರ್‌ನಲ್ಲಿ ಹುಟ್ಟಿದ ಮುಕ್ತ ತಂತ್ರಾಂಶ. ಕ್ಯೂ, ಆಸ್ಪತ್ರೆಯ ಓಪಿಡಿ, ಗೋದಾಮು ಇಂಥವಕ್ಕೆ ಪೈಥಾನ್‌ನ ಸಿಮ್‌ಪೈ ಚೆನ್ನಾಗಿದೆ. ಜನ, ಪ್ರಾಣಿ, ರೋಗ ಹರಡುವುದು ಹೀಗೆ ಒಂದೊಂದು ಜೀವವೂ ತಾನೇ ನಿರ್ಧಾರ ತೆಗೆದುಕೊಳ್ಳುವ ಮಾದರಿಗಳಿಗೆ ನೆಟ್‌ಲೋಗೋ ಒಳ್ಳೆಯ ಆರಂಭ. ಎಲ್ಲವೂ ಉಚಿತವಾಗಿ ಸಿಗುತ್ತವೆ, ಕ್ರ್ಯಾಕ್ ಮಾಡಿದ ದುಬಾರಿ ಸಾಫ್ಟ್‌ವೇರ್ ಹಿಂದೆ ಹೋಗುವ ಅಗತ್ಯವೇ ಇಲ್ಲ.

ರೆಡಿ ಟೂಲ್ ಬಳಸಿದ್ರೆ ‘ನೀನೇನು ಮಾಡಿದೆ’ ಅಂತಾರೆ. ನಾನೇ ಪೂರ್ತಿ ಬರೀಲಾ?

ಚಿಕ್ಕದೊಂದನ್ನು ನೀವೇ ಬರೆಯಿರಿ, ದೊಡ್ಡದಕ್ಕೆ ಟೂಲ್ ಬಳಸಿ. ಚಿಕ್ಕದಕ್ಕೆ ನಾನು ಸದಾ ಹೇಳುವುದು 1992ರಲ್ಲಿ ಕೈ ನಾಗೆಲ್ ಮತ್ತು ಮೈಕೆಲ್ ಶ್ರೆಕೆನ್‌ಬರ್ಗ್ ಕೊಟ್ಟ ಟ್ರಾಫಿಕ್ ಮಾದರಿ. ರಸ್ತೆಯನ್ನು 7.5 ಮೀಟರ್‌ನ ಮನೆಗಳಾಗಿ ಹೆಚ್ಚಿ, ಒಂದು ಮನೆಗೆ ಹೆಚ್ಚೆಂದರೆ ಒಂದು ಕಾರು ಇಡಿ. ಪ್ರತಿ ಸೆಕೆಂಡಿಗೆ ನಾಲ್ಕು ಕೆಲಸ: ವೇಗ 5ಕ್ಕಿಂತ ಕಡಿಮೆ ಇದ್ದರೆ ಒಂದು ಹೆಚ್ಚಿಸು, ಮುಂದಿನ ಕಾರಿನವರೆಗೆ ಖಾಲಿ ಇರುವ ಮನೆಗಳಿಗಿಂತ ವೇಗ ಹೆಚ್ಚಿದ್ದರೆ ಅಷ್ಟಕ್ಕೆ ಇಳಿಸು, ಆಗಾಗ, ಯಾದೃಚ್ಛಿಕವಾಗಿ, ಕಾರಣವಿಲ್ಲದೆ ಒಂದು ಕಡಿಮೆ ಮಾಡು, ಆ ವೇಗದಷ್ಟು ಮನೆ ಮುಂದೆ ಸರಿ.

ಪೈಥಾನ್‌ನಲ್ಲಿ ಇದು ಒಂದು ಸಂಜೆಯ ಕೆಲಸ. ಕಾರುಗಳ ಸಂಖ್ಯೆ ಹೆಚ್ಚಿಸುತ್ತ ಹೋಗಿ. ಸಿಗ್ನಲ್ ಇಲ್ಲ, ಅಪಘಾತ ಇಲ್ಲ, ಹಂಪ್ ಇಲ್ಲ, ಆದರೂ ಒಂದು ಹಂತದಲ್ಲಿ ಜಾಮ್ ಹುಟ್ಟಿ, ಕಾರುಗಳು ಮುಂದೆ ಹೋಗುತ್ತಿದ್ದಂತೆ ಜಾಮ್ ಮಾತ್ರ ಹಿಂದಕ್ಕೆ ಸರಿಯುತ್ತದೆ. ಮೂರನೆಯ ನಿಯಮ ತೆಗೆದುಹಾಕಿ ನೋಡಿ, ಹೀಗೆ ತಾನಾಗಿ ಹುಟ್ಟುವ ಜಾಮ್‌ಗಳು ಇಲ್ಲವಾಗುತ್ತವೆ. ಚಾಲಕನ ಸಣ್ಣ ಅನಿಶ್ಚಿತತೆಯೇ ಜಾಮ್ ಹುಟ್ಟಿಸಬಲ್ಲದು ಎಂಬುದನ್ನು ನಿಮ್ಮ ಕೈಯಾರೆ ಬರೆದ ಕೋಡ್ ತೋರಿಸಿದಾಗ ಆಗುವ ಖುಷಿ ಬೇರೆಯೇ. ಇಷ್ಟು ಮಾಡಿದವರು ಸುಮೊ ತೆರೆದರೆ ಅದರೊಳಗೆ ಏನು ನಡೆದಿದೆ ಎಂಬ ಅಂದಾಜು ಇಟ್ಟುಕೊಂಡೇ ತೆರೆಯುತ್ತಾರೆ.

ನಮ್ಮೂರಿನ ಸರ್ಕಲ್‌ನ ಮ್ಯಾಪ್‌ನಿಂದ ಸುಮೊಗೆ ತಂದ್ವಿ. ನಮ್ಮ ಹೊಸ ಸಿಗ್ನಲ್ ಕಾಯುವ ಹೊತ್ತನ್ನ ಅರ್ಧಕ್ಕೆ ಇಳಿಸಿದೆ. ಪೇಪರ್ ಬರೀಬಹುದಾ?

ಬರೆಯುವ ಮುಂಚೆ ನಾಲ್ಕು ಕಡೆ ಕೈಹಾಕಿ ನೋಡಿ. ಈ ಉತ್ತರ ಉದ್ದ ಇದೆ, ಆದರೆ ಟ್ರಾಫಿಕ್ ಪ್ರಾಜೆಕ್ಟ್‌ಗಳು ಬೀಳುವುದು ಹೆಚ್ಚಾಗಿ ಇಲ್ಲಿಯೇ.

ಮೊದಲನೆಯದು, ಹೋಲಿಕೆ ಯಾವುದರ ಜೊತೆ? ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ರಸ್ತೆ ತಂದಾಗ ಅಲ್ಲಿ ಸಿಗ್ನಲ್ ಇದೆ ಎಂಬುದಷ್ಟೇ ಬರುತ್ತದೆ, ಅದರ ಟೈಮಿಂಗ್ ಬರುವುದಿಲ್ಲ. ಸುಮೊದ ನೆಟ್‌ಕನ್ವರ್ಟ್ ತಾನೇ ಊಹಿಸಿ ಒಂದು ಪ್ರೋಗ್ರಾಂ ಹಾಕುತ್ತದೆ, ಸಾಮಾನ್ಯವಾಗಿ 90 ಸೆಕೆಂಡಿನ ಸುತ್ತು. ವರದಿಯಲ್ಲಿ ನೀವು ‘ಈಗಿರುವ ಸಿಗ್ನಲ್’ ಎಂದು ಬರೆದದ್ದು ಆ ಊಹೆಯನ್ನು. ಸರ್ಕಲ್‌ನಲ್ಲಿ ನಿಂತು ಫೋನಿನ ಸ್ಟಾಪ್‌ವಾಚ್ ಹಿಡಿದು ಪ್ರತಿ ದಿಕ್ಕಿನ ಹಸಿರು, ಕೆಂಪು ಬರೆದುಕೊಂಡು ಬನ್ನಿ. ಹೋಲಿಕೆ ಅದರ ಜೊತೆ ಇರಲಿ.

ಎರಡನೆಯದು, ಗಾಡಿಗಳು ಎಲ್ಲಿಂದ ಬಂದವು? ರ‍್ಯಾಂಡಮ್‌ಟ್ರಿಪ್ಸ್ ಎಂಬ ಸ್ಕ್ರಿಪ್ಟ್ ಓಡಿಸಿದ್ದರೆ, ನೀವು ಬೇರೆ ಹೇಳದ ಹೊರತು ಸೆಕೆಂಡಿಗೊಂದರಂತೆ ಎಲ್ಲಿಂದಲೋ ಎಲ್ಲಿಗೋ ಹೋಗುವ ಗಾಡಿ ಹುಟ್ಟಿರುತ್ತವೆ. ಅದು ನಿಮ್ಮೂರಿನ ಟ್ರಾಫಿಕ್ ಅಲ್ಲ. ಒಂದು ಗಂಟೆಯ ವಿಡಿಯೊ ಮಾಡಿಕೊಂಡು ಯಾವ ಕಡೆಯಿಂದ ಎಷ್ಟು ಬೈಕ್, ಆಟೊ, ಕಾರು, ಬಸ್ಸು ಯಾವ ಕಡೆ ತಿರುಗಿದವು ಎಂದು ಎಣಿಸಿ. ಬೇಜಾರಿನ ಕೆಲಸ ನಿಜ, ಪ್ರಾಜೆಕ್ಟಿಗೆ ಜೀವ ಬರುವುದು ಮಾತ್ರ ಅದರಿಂದಲೇ.

ಮೂರನೆಯದು, ಮಾಯವಾದ ಗಾಡಿಗಳು. ಒಂದು ಗಾಡಿ ತುಂಬ ಹೊತ್ತು ಅಲ್ಲಾಡದೆ ನಿಂತರೆ, ಡಿಫಾಲ್ಟ್ ಆಗಿ 300 ಸೆಕೆಂಡ್, ಸುಮೊ ಅದನ್ನು ಎತ್ತಿ ಮುಂದಿನ ರಸ್ತೆಗೆ ಹಾಕುತ್ತದೆ. ಟೆಲಿಪೋರ್ಟ್ ಅನ್ನುತ್ತಾರೆ. ಔಟ್‌ಪುಟ್ಟಿನಲ್ಲಿ ಎಚ್ಚರಿಕೆ ಬರುತ್ತದೆ, ಯಾರೂ ಓದುವುದಿಲ್ಲ. ಜಾಮ್ ತೆರವಾದದ್ದು ನಿಮ್ಮ ಅಲ್ಗಾರಿದಂನಿಂದಲೋ ಟೆಲಿಪೋರ್ಟ್‌ನಿಂದಲೋ ಎಂದು ಎಣಿಸಿ ಹೇಳಿ.

ನಾಲ್ಕನೆಯದು, ನಮ್ಮ ರಸ್ತೆಯ ಸ್ವಭಾವ. ಡಿಫಾಲ್ಟ್ ಮಾದರಿಯಲ್ಲಿ ಒಂದು ಲೇನಿನಲ್ಲಿ ಒಂದರ ಹಿಂದೆ ಒಂದು ಗಾಡಿ ಶಿಸ್ತಾಗಿ ಹೋಗುತ್ತದೆ. ಕೆಂಪು ಬಿದ್ದಾಗ ಸಂದಿಯಲ್ಲಿ ನುಗ್ಗಿ ಮುಂದೆ ಬಂದು ನಿಲ್ಲುವ ಬೈಕ್‌ಗಳು ಅದರಲ್ಲಿ ಇಲ್ಲ. ಸುಮೊದಲ್ಲಿ ಸಬ್‌ಲೇನ್ ಮಾದರಿ ಇದೆ, ಅದನ್ನು ಆನ್ ಮಾಡಿ ಗಾಡಿಯ ಅಗಲ, ಪಕ್ಕದ ಅಂತರ ಕೊಡಿ. ಎಡಗಡೆ ಸಂಚಾರದ ಸೆಟ್ಟಿಂಗ್ ಬಿದ್ದಿದೆಯಾ ಎಂಬುದನ್ನೂ ನೋಡಿಕೊಳ್ಳಿ.

ಇಷ್ಟಾದ ಮೇಲೆ ಕಾಯುವ ಹೊತ್ತು ಅರ್ಧದ ಬದಲು ಹತ್ತನೇ ಒಂದು ಭಾಗವೇ ಇಳಿದರೂ ಅದು ನಂಬಬಹುದಾದ ಮಾತು. ಆಗ ಬರೆಯಿರಿ.

## ಕೋಡ್ ಬರೆಯುವಾಗ

ನಾನೊಬ್ಬಳೇ ಬರೆಯೋ ಕೋಡ್. ಗಿಟ್ ಯಾಕೆ ಬೇಕು ಮೇಡಂ ಅಂತ ಕೇಳಿದ್ರೆ ಬೈತಾರೆ. ನಿಜವಾಗ್ಲೂ ಯಾಕೆ ಬೇಕು?

ಗಿಟ್ ಅಂದರೆ ಕೋಡ್‌ನ ಒಂದೊಂದು ಆವೃತ್ತಿಯನ್ನೂ ದಾಖಲಿಸಿಡುವ ಟೂಲ್. ಅದು ಬೇಕಾದದ್ದು, ವರದಿಯ ಐದನೆಯ ಗ್ರಾಫ್ ಯಾವ ಕೋಡ್‌ನಿಂದ ಬಂತು ಎಂದು ಮೂರು ತಿಂಗಳ ಮೇಲೆ ಕೇಳಿದರೆ ಹೇಳುವುದಕ್ಕೆ. ‘ಫೈನಲ್’, ‘ಫೈನಲ್2’, ‘ಹೊಸ ಫೈನಲ್’ ಎಂಬ ಫೋಲ್ಡರ್‌ಗಳಿಂದ ಅದು ಆಗುವುದಿಲ್ಲ. ಪ್ರತಿ ಫಲಿತಾಂಶದ ಫೈಲ್ ಜೊತೆ ಕಮಿಟ್ ಸಂಖ್ಯೆ (ಗಿಟ್‌ನಲ್ಲಿ ಆ ಆವೃತ್ತಿಯ ಗುರುತು), ಸೀಡ್ (ರ‍್ಯಾಂಡಮ್ ಸಂಖ್ಯೆಗಳ ಸರಣಿ ಶುರುವಾಗುವ ಸಂಖ್ಯೆ), ಎಲ್ಲ ಪ್ಯಾರಾಮೀಟರ್‌ಗಳು ತಾವಾಗಿಯೇ ಬರೆದುಕೊಳ್ಳುವಂತೆ ಕೋಡ್ ಬರೆಯಿರಿ, ಬೈಗುಳ ತಪ್ಪುತ್ತದೆ.

ಇದು ವಿದ್ಯಾರ್ಥಿಗಳಿಗಷ್ಟೇ ಹೇಳುವ ಮಾತಲ್ಲ. 2020ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಕೋವಿಡ್ ಸಿಮ್ಯುಲೇಶನ್ ಬ್ರಿಟನ್ನಿನ ಸರ್ಕಾರದ ತೀರ್ಮಾನಗಳ ಮೇಲೆ ಪ್ರಭಾವ ಬೀರಿತು. ಅದರ ಕೋಡ್ ವರ್ಷಗಟ್ಟಲೆ ಬೆಳೆದು, ಸಾವಿರಾರು ಸಾಲು ಒಂದೇ ಫೈಲಿನಲ್ಲಿತ್ತು. ಒಪ್ಪಮಾಡಿ ಸಾರ್ವಜನಿಕವಾಗಿ ಇಟ್ಟ ಮೇಲೆ ಸಾಫ್ಟ್‌ವೇರ್ ಮಂದಿಯಿಂದ ತೀಕ್ಷ್ಣ ಟೀಕೆ ಬಂತು. ಆಮೇಲೆ ಕೇಂಬ್ರಿಜ್‌ನ ಸ್ಟೀಫನ್ ಎಗ್ಲೆನ್ ಸ್ವತಂತ್ರವಾಗಿ ಓಡಿಸಿ, ಆ ವರದಿಯ ಮುಖ್ಯ ಅಂಕಿಗಳು ಮತ್ತೆ ಬರುತ್ತವೆ ಎಂದು ದೃಢಪಡಿಸಿದರು. ವಿಜ್ಞಾನ ಸರಿಯಿದ್ದರೂ ಕೋಡ್ ಓದಲು ಬಾರದಂತಿದ್ದರೆ ನಂಬಿಕೆ ಎಷ್ಟು ಬೇಗ ಅಲ್ಲಾಡುತ್ತದೆ ಎಂಬುದು ಆಗ ಎಲ್ಲರಿಗೂ ಕಂಡಿತು.

ಉತ್ತರ ಏನು ಅಂತ ಗೊತ್ತಿಲ್ಲ, ಅದಕ್ಕೇ ಸಿಮ್ಯುಲೇಶನ್ ಮಾಡ್ತಿರೋದು. ಹಾಗಿದ್ರೆ ಟೆಸ್ಟ್ ಬರೆಯೋದು ಹೇಗೆ?

ಬಹಳ ಒಳ್ಳೆಯ ಪ್ರಶ್ನೆ. ಉತ್ತರ ಗೊತ್ತಿರುವ ಸಣ್ಣ ಸಂದರ್ಭವೊಂದನ್ನು ನಿಮ್ಮದೇ ಕೋಡ್‌ಗೆ ಕೊಡಬೇಕು.

ಕ್ಯೂ ಸಿಮ್ಯುಲೇಶನ್ ಬರೆದಿದ್ದೀರಿ ಅಂದುಕೊಳ್ಳಿ. ಒಂದೇ ಕೌಂಟರ್. ನಿಮಿಷಕ್ಕೆ ಸರಾಸರಿ 4 ಜನ ಬರುತ್ತಾರೆ, ಕೌಂಟರ್ ನಿಮಿಷಕ್ಕೆ ಸರಾಸರಿ 5 ಜನರ ಕೆಲಸ ಮುಗಿಸಬಲ್ಲದು, ಬರುವವರ ನಡುವಿನ ಅಂತರ, ಒಬ್ಬರ ಕೆಲಸಕ್ಕೆ ಹಿಡಿಯುವ ಹೊತ್ತು ಎರಡಕ್ಕೂ ಎಕ್ಸ್‌ಪೊನೆನ್ಶಿಯಲ್ ಡಿಸ್ಟ್ರಿಬ್ಯೂಶನ್. ಇದಕ್ಕೆ ಸೂತ್ರವೇ ಇದೆ: ಒಬ್ಬರು ಬಂದು ಹೋಗುವಷ್ಟರಲ್ಲಿ ಕಳೆಯುವ ಸರಾಸರಿ ಹೊತ್ತು, 5ರಿಂದ 4 ಕಳೆದು ಬಂದದ್ದರಿಂದ 1ನ್ನು ಭಾಗಿಸಿದಷ್ಟು, ಅಂದರೆ 1 ನಿಮಿಷ. ಅದರಲ್ಲಿ ಕೌಂಟರ್ ಮುಂದೆ 12 ಸೆಕೆಂಡ್, ಸಾಲಿನಲ್ಲಿ 48. ನಿಮ್ಮ ಕೋಡ್ ದೀರ್ಘಕಾಲ ಓಡಿಸಿದಾಗ 60 ಸೆಕೆಂಡಿನ ಆಸುಪಾಸು ಬರಬೇಕು. ಬರುವವರನ್ನು 4.5ಕ್ಕೆ ಏರಿಸಿದರೆ 2 ನಿಮಿಷ ಆಗಬೇಕು. 40 ಬಂದರೆ, 75 ಬಂದರೆ, ಎಲ್ಲೋ ತಪ್ಪಿದೆ.

ಸೂತ್ರವಿಲ್ಲದ ಕಡೆಯೂ ಮುರಿಯಬಾರದ ನಿಯಮಗಳಿರುತ್ತವೆ. ಒಳಗೆ ಬಂದವರಿಂದ ಹೊರಗೆ ಹೋದವರನ್ನು ಕಳೆದರೆ ಒಳಗಿರುವವರು. ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ನಿಯಮ ಇನ್ನೂ ಸೊಗಸು: ಒಳಗಿರುವ ಸರಾಸರಿ ಜನ, ಬರುವ ದರವನ್ನು ಕಳೆಯುವ ಹೊತ್ತಿನಿಂದ ಗುಣಿಸಿದಷ್ಟೇ. ಮೇಲಿನ ಲೆಕ್ಕದಲ್ಲಿ 4 ಜನ. ಡಿಸ್ಟ್ರಿಬ್ಯೂಶನ್ ಯಾವುದೇ ಇರಲಿ, ವ್ಯವಸ್ಥೆ ಸ್ಥಿರವಾಗಿದ್ದರೆ ಇದು ಕೂಡಲೇಬೇಕು. ಪ್ರತಿ ರನ್ ಕೊನೆಗೆ ಇದನ್ನು ತಾನಾಗಿ ಪರೀಕ್ಷಿಸುವ ಸಾಲುಗಳನ್ನು ಸೇರಿಸಿ.

ಹತ್ತು ಸಲ ಓಡಿಸಿದ್ರೂ ಒಂದೇ ಉತ್ತರ. ನಮ್ಮ ಮಾಡೆಲ್ ತುಂಬಾ ಸ್ಟೇಬಲ್ ಅಂತ ಬರೆಯಬಹುದಲ್ವಾ?

ದಯವಿಟ್ಟು ಬೇಡ. ನೀವು ಒಂದೇ ಪ್ರಯೋಗವನ್ನು ಹತ್ತು ಸಲ ನೋಡಿದ್ದೀರಿ. ಸುಮೊ ಸೀಡ್ ಕೊಡದಿದ್ದರೆ ಸದಾ 23423 ಎಂಬ ಒಂದೇ ಸೀಡ್ ಬಳಸುತ್ತದೆ. ಎನ್‌ಎಸ್-3ರಲ್ಲೂ ಸೀಡ್ ಸ್ಥಿರ, ಅಲ್ಲಿ ರನ್ ಸಂಖ್ಯೆ ಬದಲಿಸಬೇಕು. ಬೇರೆ ಬೇರೆ ಸೀಡ್ ಕೊಟ್ಟು ಓಡಿಸಿ, ಕೊಟ್ಟ ಸೀಡ್‌ಗಳನ್ನು ಬರೆದಿಡಿ.

ರ‍್ಯಾಂಡಮ್ ಸಂಖ್ಯೆ ಕೊಡುವ ಜನರೇಟರ್ ನೀವೇ ಬರೆಯಲು ಹೋಗಬೇಡಿ. ಐಬಿಎಂ ಯಂತ್ರಗಳಲ್ಲಿ ಬಳಕೆಯಲ್ಲಿದ್ದ ರ‍್ಯಾಂಡು ಎಂಬುದರಿಂದ ಬಂದ ಸಂಖ್ಯೆಗಳನ್ನು ಮೂರು ಮೂರಾಗಿ ಜೋಡಿಸಿ ಬಿಂದುಗಳನ್ನಾಗಿ ಇಟ್ಟರೆ ಎಲ್ಲವೂ 15 ಸಮತಲಗಳ ಮೇಲೆಯೇ ಬೀಳುತ್ತಿದ್ದವು. ಅದನ್ನು ನಂಬಿ ನಡೆಸಿದ ಪ್ರಯೋಗಗಳ ಫಲಿತಾಂಶಗಳ ಮೇಲೆಯೇ ಅನುಮಾನ ಬರುವಂತಾಯಿತು.

ಚಾಟ್‌ಬಾಟ್ ಕೈಲಿ ಕೋಡ್ ಬರೆಸಬಹುದಾ?

ನಿಮ್ಮ ಕಾಲೇಜು ಒಪ್ಪಿದರೆ ಬರೆಸಿ, ಬರೆಸಿದ್ದನ್ನು ವರದಿಯಲ್ಲಿ ಹೇಳಿ. ಇಲ್ಲದ ಆಪ್ಶನ್‌ಗಳ ಹೆಸರನ್ನು ಅದು ಆತ್ಮವಿಶ್ವಾಸದಿಂದ ಬರೆಯುವುದುಂಟು. ಟೆಸ್ಟ್‌ಗಳನ್ನು ಮಾತ್ರ ನೀವೇ ಯೋಚಿಸಿ, ನೀವೇ ಬರೆಯಿರಿ. ಕೋಡ್ ಬರೆದವರೇ ಪ್ರಶ್ನೆಪತ್ರಿಕೆಯನ್ನೂ ಬರೆಯುವುದು ಸರಿಯಲ್ಲ.

## ಫಲಿತಾಂಶ ಬಂದ ಮೇಲೆ

ಎಷ್ಟು ಸಲ ಓಡಿಸಿದ್ರೆ ಸಾಕು?

ನಿಮ್ಮ ಮಾತಿಗೆ ಬೇಕಾದಷ್ಟು ಖಚಿತತೆ ಬರುವವರೆಗೆ. ಹತ್ತು ಸೀಡ್‌ಗಳಿಂದ ಸರಾಸರಿ 52 ಸೆಕೆಂಡ್, ಸ್ಟ್ಯಾಂಡರ್ಡ್ ಡೀವಿಯೇಶನ್ 6 ಸೆಕೆಂಡ್ ಬಂತು ಅಂದುಕೊಳ್ಳಿ. ಶೇ 95ರ ಇಂಟರ್ವಲ್‌ಗೆ 2.262ನ್ನು (ಹತ್ತು ರನ್‌ಗಳಿಗೆ ಟಿ-ಪಟ್ಟಿಯಲ್ಲಿ ಸಿಗುವ ಸಂಖ್ಯೆ) 6ರಿಂದ ಗುಣಿಸಿ 10ರ ವರ್ಗಮೂಲದಿಂದ ಭಾಗಿಸಿ: ಸುಮಾರು 4.3. ಅಂದರೆ 52ರ ಆಚೆ ಈಚೆ 4.3. ಹಳೆಯ ವಿಧಾನಕ್ಕೂ ಹೊಸದಕ್ಕೂ ವ್ಯತ್ಯಾಸ 2 ಸೆಕೆಂಡ್ ಇದ್ದರೆ ಇಷ್ಟರಿಂದ ಏನೂ ಹೇಳಲಾಗದು.

ಓಡಿಸುವ ಸಂಖ್ಯೆ ಹೆಚ್ಚಿಸುವ ಮುನ್ನ ಇನ್ನೊಂದು ಉಪಾಯ ಇದೆ. ಎರಡೂ ವಿಧಾನಗಳನ್ನು ಅದೇ ಹತ್ತು ಸೀಡ್‌ಗಳಲ್ಲಿ ಓಡಿಸಿ, ಸೀಡ್‌ವಾರು ವ್ಯತ್ಯಾಸ ತೆಗೆದು, ಆ ವ್ಯತ್ಯಾಸಗಳಿಗೆ ಇಂಟರ್ವಲ್ ಕಟ್ಟಿ. ಎರಡೂ ಕಡೆ ಅದೇ ಗಾಡಿಗಳು ಅದೇ ಹೊತ್ತಿಗೆ ಬರುವಂತೆ ಮಾಡಿದ್ದರೆ, ಸಾಮಾನ್ಯವಾಗಿ ಇಂಟರ್ವಲ್ ಕಿರಿದಾಗುತ್ತದೆ. ಖಾಲಿ ರಸ್ತೆಯಿಂದ ಶುರುವಾಗುವ ಮೊದಲ ಕೆಲವು ನಿಮಿಷಗಳ ಅಂಕಿಗಳನ್ನು ಸರಾಸರಿಯಿಂದ ಬಿಡಲು ಮರೆಯಬೇಡಿ.

ವೆರಿಫಿಕೇಶನ್, ವ್ಯಾಲಿಡೇಶನ್ ಎರಡೂ ಒಂದೇ ಅಧ್ಯಾಯದಲ್ಲಿ ಬರೆದ್ರೆ ಆಗಲ್ವಾ?

ಒಂದೇ ಅಧ್ಯಾಯ ಆಗಬಹುದು, ಕೆಲಸ ಮಾತ್ರ ಬೇರೆ. ನೀವು ಅಂದುಕೊಂಡ ನಿಯಮವನ್ನೇ ಕೋಡ್ ಮಾಡುತ್ತಿದೆಯಾ ಎಂಬುದು ವೆರಿಫಿಕೇಶನ್. ಆ ನಿಯಮಗಳು ಹೊರಗಿನ ಲೋಕಕ್ಕೆ ಹೊಂದುತ್ತವೆಯಾ ಎಂಬುದು ವ್ಯಾಲಿಡೇಶನ್, ಇದಕ್ಕೆ ಹೊರಗಿನಿಂದ ಅಳೆದ ಅಂಕಿ ಬೇಕೇ ಬೇಕು. ಬೆಳಗಿನ ಎಣಿಕೆಯಿಂದ ಪ್ಯಾರಾಮೀಟರ್ ಹೊಂದಿಸಿದ್ದರೆ ಸಂಜೆಯ ಎಣಿಕೆಯ ಮೇಲೆ ಪರೀಕ್ಷಿಸಿ.

ಓದಲು ಒಂದು ಮಾದರಿ ಬೇಕಿದ್ದರೆ ಬೆಂಗಳೂರಿನಲ್ಲೇ ಇದೆ. 2020ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ (ಟಿಐಎಫ್‌ಆರ್) ತಂಡ ಬೆಂಗಳೂರು, ಮುಂಬೈ ನಗರಗಳಿಗೆ ಕೋವಿಡ್ ಸಿಮ್ಯುಲೇಟರ್ ಕಟ್ಟಿತು. ವಾರ್ಡ್‌ವಾರು ಜನಸಂಖ್ಯೆಗೆ ಹೊಂದುವ ಕೃತಕ ಜನರನ್ನು ಸೃಷ್ಟಿಸಿ, ಅವರಿಗೆ ಮನೆ, ಶಾಲೆ, ಕೆಲಸದ ಜಾಗ ಹಂಚಿ, ಲಾಕ್‌ಡೌನ್‌ನಂಥ ಕ್ರಮಗಳ ಪರಿಣಾಮ ನೋಡಿದರು. ಕೋಡ್ ಸಾರ್ವಜನಿಕವಾಗಿದೆ. ಯಾವ ಊಹೆ ಎಲ್ಲಿಂದ ಬಂತು ಎಂದು ಅವರು ಬರೆದಿರುವ ರೀತಿಯನ್ನು ಗಮನಿಸಿ.

ಮಲ್ಟಿಥ್ರೆಡ್ ಮಾಡಿದ ಮೇಲೆ ಅದೇ ಸೀಡ್‌ಗೂ ಉತ್ತರ ಸ್ವಲ್ಪ ಬದಲಾಗ್ತಿದೆ. ಬಗ್ಗಾ?

ಇರಬಹುದು, ಇಲ್ಲದೆಯೂ ಇರಬಹುದು. ದಶಮಾಂಶ ಸಂಖ್ಯೆಗಳನ್ನು ಕೂಡುವ ಕ್ರಮ ಬದಲಾದರೆ ಕಂಪ್ಯೂಟರಿನಲ್ಲಿ ಮೊತ್ತದ ಕೊನೆಯ ಅಂಕಿ ಬದಲಾಗಬಹುದು, ಥ್ರೆಡ್‌ಗಳು, ಅಂದರೆ ಒಟ್ಟಿಗೆ ಓಡುವ ಕೆಲಸದ ಎಳೆಗಳು, ಮುಗಿಯುವ ಕ್ರಮ ಪ್ರತಿ ಸಲ ಬೇರೆ. ಚಿಕ್ಕದೆಂದು ತಳ್ಳಿಹಾಕಬೇಡಿ. 1961ರಲ್ಲಿ ಎಡ್ವರ್ಡ್ ಲೊರೆಂಜ್ ಹವಾಮಾನದ ಮಾದರಿಯನ್ನು ನಡುವಿನಿಂದ ಮತ್ತೆ ಓಡಿಸಲು 0.506127ರ ಬದಲು ಪ್ರಿಂಟ್ ಆಗಿದ್ದ 0.506 ಕೊಟ್ಟರು. ಕೆಲ ಹೊತ್ತಿನಲ್ಲೇ ಹವಾಮಾನ ಪೂರ್ತಿ ಬೇರೆ ದಾರಿ ಹಿಡಿದಿತ್ತು.

ಮೊದಲು ಒಂದೇ ಥ್ರೆಡ್‌ನಲ್ಲಿ ಓಡಿಸಿ ಉತ್ತರ ಪ್ರತಿ ಸಲ ಒಂದೇ ಬರುತ್ತದಾ ನೋಡಿ. ಬಂದರೆ, ಪ್ರತಿ ಥ್ರೆಡ್‌ಗೂ ಬೇರೆ ರ‍್ಯಾಂಡಮ್ ಸ್ಟ್ರೀಮ್ ಕೊಟ್ಟಿದ್ದೀರಾ ನೋಡಿ. ಸುಲಭದ ದಾರಿ ಬೇಕಿದ್ದರೆ ಒಂದು ರನ್ನನ್ನು ಹಲವು ಥ್ರೆಡ್‌ಗೆ ಹಂಚಬೇಡಿ, ಬೇರೆ ಬೇರೆ ಸೀಡ್‌ನ ಹಲವು ರನ್‌ಗಳನ್ನು ಒಟ್ಟಿಗೆ ಓಡಿಸಿ. ವಿದ್ಯಾರ್ಥಿ ಪ್ರಾಜೆಕ್ಟಿಗೆ ಅಷ್ಟು ಸಾಕು.

ನಮ್ಮ ಅಲ್ಗಾರಿದಂ ಹಳೇದಕ್ಕಿಂತ ಚೆನ್ನಾಗಿಲ್ಲ ಅಂತ ಬಂತು. ಮಾರ್ಕ್ಸ್ ಹೋಗುತ್ತಾ?

ಪ್ರಯೋಗ ಸರಿಯಾಗಿದ್ದರೆ ಹೋಗಬಾರದು. ಯಾವ ಟ್ರಾಫಿಕ್‌ನಲ್ಲಿ ಸೋತಿತು, ಯಾವುದರಲ್ಲಿ ಸರಿಸಮ ಬಂತು, ಯಾಕೆ ಎಂದು ತೋರಿಸಿ. ಅಂಕಿ ತಿದ್ದಿ ಗೆಲ್ಲಿಸಿದ ವರದಿಯನ್ನು ಅನುಭವಿ ಎಕ್ಸ್‌ಟರ್ನಲ್ ಮೂರು ಪ್ರಶ್ನೆಗಳಲ್ಲಿ ಹಿಡಿಯುತ್ತಾರೆ. ಸೋತದ್ದನ್ನು ನೇರವಾಗಿ ಹೇಳಿ ಕಾರಣ ವಿವರಿಸುವ ತಂಡದ ಮೇಲೆ ನನಗೆ ಯಾವಾಗಲೂ ಗೌರವ ಹೆಚ್ಚು.

## ಪ್ರಾಜೆಕ್ಟಿನಿಂದ ಆಚೆಗೆ

ಮೂರು ದಿನದಲ್ಲಿ ಪೇಪರ್ ಅಕ್ಸೆಪ್ಟ್ ಮಾಡ್ತೀವಿ, ಫೀ ಕಟ್ಟಿ ಅಂತ ಮೇಲ್ ಬಂದಿದೆ. ಕಟ್ಟಲಾ?

ಕಟ್ಟಬೇಡಿ. ಓದಿ ವಿಮರ್ಶೆ ಮಾಡಲು ಮೂರು ದಿನ ಸಾಲದು, ಅಂದರೆ ಅಲ್ಲಿ ಓದುವವರೇ ಇಲ್ಲ. ಆ ಹಣದಲ್ಲಿ ನಿಮ್ಮ ತಂಡದವರೆಲ್ಲ ಬಸ್ ಹತ್ತಿ ಒಂದು ಒಳ್ಳೆಯ ಸಮ್ಮೇಳನಕ್ಕೆ ಹೋಗಿ ಬನ್ನಿ.

ಹಣಸಹಾಯ, ಗೈಡೆನ್ಸ್ ಎಲ್ಲಿ ಸಿಗುತ್ತೆ? ನಮ್ಮದು ಸಣ್ಣ ಊರಿನ ಕಾಲೇಜು.

ಕರ್ನಾಟಕದಲ್ಲಿದ್ದರೆ ಮೊದಲು ನೋಡಬೇಕಾದದ್ದು ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ವಿದ್ಯಾರ್ಥಿ ಪ್ರಾಜೆಕ್ಟ್ ಕಾರ್ಯಕ್ರಮ. ಮಂಡಳಿಯ ಕಚೇರಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿದೆ. ಅರ್ಜಿ ಕಾಲೇಜಿನ ಮೂಲಕ ಹೋಗಬೇಕು, ಆಯ್ಕೆಯಾದ ಪ್ರಾಜೆಕ್ಟ್‌ಗೆ ಧನಸಹಾಯ ಸಿಗುತ್ತದೆ, ಉತ್ತಮವಾದವು ರಾಜ್ಯಮಟ್ಟದ ಪ್ರದರ್ಶನಕ್ಕೆ ಹೋಗುತ್ತವೆ. ಊರಿನ ಸಮಸ್ಯೆ ಹಿಡಿದ ಸಣ್ಣ ಕಾಲೇಜಿನ ತಂಡಗಳು ಹಿಂಜರಿಯದೆ ಅರ್ಜಿ ಹಾಕಬೇಕು. ಐಐಟಿ ಬಾಂಬೆಯ ಫಾಸ್ಸಿ ಯೋಜನೆ ಮುಕ್ತ ತಂತ್ರಾಂಶಗಳ ಮೇಲೆ ಕೆಲಸ ಮಾಡುವವರಿಗೆ ಫೆಲೋಶಿಪ್ ಕೊಡುತ್ತದೆ. ಅಲ್ಲಿಯದೇ ಸ್ಪೋಕನ್ ಟ್ಯುಟೋರಿಯಲ್ ಪಾಠಗಳಲ್ಲಿ ಕೆಲವು ಕನ್ನಡದಲ್ಲೂ ಇವೆ. 2005ರಿಂದ ನಡೆಯುತ್ತಿರುವ ಗೂಗಲ್ ಸಮ್ಮರ್ ಆಫ್ ಕೋಡ್‌ನಲ್ಲಿ ಎನ್‌ಎಸ್-3 ಹಲವು ಬಾರಿ ಭಾಗವಹಿಸಿದೆ.

ಪ್ರಾಜೆಕ್ಟ್ ಮುಗೀತು, ಮಾರ್ಕ್ಸೂ ಬಂತು. ಈ ಕೋಡ್ ಏನು ಮಾಡೋದು?

ಸಿಡಿಗೆ ಬರೆದು ಲೈಬ್ರರಿಯ ಬೀರುವಿಗೆ ಕೊಟ್ಟು ಬರಬೇಡಿ. ಗೈಡ್ ಒಪ್ಪಿಗೆ ತೆಗೆದುಕೊಂಡು ಸಾರ್ವಜನಿಕ ರೆಪೊಸಿಟರಿಗೆ ಹಾಕಿ, ಒಂದು ಮುಕ್ತ ಲೈಸೆನ್ಸ್ ಸೇರಿಸಿ. ಲೈಸೆನ್ಸ್ ಇಲ್ಲದ ಕೋಡನ್ನು ಬೇರೆಯವರು ನೋಡಬಹುದೇ ಹೊರತು ನಿಶ್ಚಿಂತೆಯಿಂದ ಬಳಸುವಂತಿಲ್ಲ. ಯುರೋಪಿನ ಸಂಶೋಧನಾ ಸಂಸ್ಥೆ ಸರ್ನ್ ನಡೆಸುವ ಜೆನೊಡೊ ಎಂಬ ಆನ್‌ಲೈನ್ ಸಂಗ್ರಹದಲ್ಲಿ ಒಂದು ಪ್ರತಿ ಇಟ್ಟರೆ ಡಿಒಐ ಎಂಬ ಶಾಶ್ವತ ಗುರುತಿನ ಸಂಖ್ಯೆ ಉಚಿತವಾಗಿ ಸಿಗುತ್ತದೆ, ರೆಸ್ಯೂಮೆಯಲ್ಲಿ ಹಾಕಿಕೊಳ್ಳಬಹುದು.

ರೀಡ್‌ಮೀ ಫೈಲ್ ಬರೆಯುವಾಗ ಜೂನಿಯರ್ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಹೊಸ ಲ್ಯಾಪ್‌ಟಾಪ್‌ನಲ್ಲಿ, ನಿಮ್ಮನ್ನು ಏನೂ ಕೇಳದೆ, ಅದನ್ನಷ್ಟೇ ಓದಿಕೊಂಡು ಅವರು ನಿಮ್ಮ ಮೊದಲ ಗ್ರಾಫ್ ಬರಿಸಲಿ. ಸಿಕ್ಕಿಕೊಂಡ ಕಡೆಯೆಲ್ಲ ಒಂದು ಸಾಲು ಸೇರಿಸುತ್ತ ಹೋಗಿ. ಎಣಿಕೆ ಮಾಡಿದ ವಿಡಿಯೊದಲ್ಲಿ ಜನರ ಮುಖ, ಗಾಡಿಗಳ ನಂಬರ್ ಪ್ಲೇಟ್ ಇದ್ದರೆ ವಿಡಿಯೊ ಹಾಕಬೇಡಿ, ಎಣಿಕೆಯ ಪಟ್ಟಿ ಮಾತ್ರ ಹಾಕಿ.